ರೇಡಿಯೇಟರ್ ಸೋರಿದಾಗ: ಕೈಗೆಟುಕುವ ಖರ್ಚಿನ ದಾರಿಗಳು

ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲ್ ಅಥವಾ ಡೀಸೆಲ್ ಹುಟ್ಟಿಸುವ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲನ್ನು ಹೊರಹಾಕುವುದು ರೇಡಿಯೇಟರಿನ ಕೆಲಸ. ವಾಟರ್ ಪಂಪು ಎಂಜಿನ್ನಿನ ಒಡಲೊಳಗೆ ಕೂಲೆಂಟನ್ನು ಹಾಯಿಸುತ್ತದೆ. ಕಾದ ಕೂಲೆಂಟ್ ಮೇಲಿನ ಹೋಸ್ ಪೈಪಿನಿಂದ ರೇಡಿಯೇಟರಿಗೆ ಬಂದು, ಸಣ್ಣ ಕೊಳವೆಗಳ ಜಾಲರಿಯಲ್ಲಿ ತಣ್ಣಗಾಗಿ, ಕೆಳಗಿನ ಹೋಸ್ ಹಿಡಿದು ಎಂಜಿನ್ನಿಗೆ ಮರಳುತ್ತದೆ. ಸಣ್ಣ ಕಾರುಗಳಲ್ಲಿ ಹೀಗೆ ಸುತ್ತುವ ಕೂಲೆಂಟ್ ಮೂರೂವರೆಯಿಂದ ಐದು ಲೀಟರ್ ಅಷ್ಟೆ. ಹಾಗಾಗಿ ಲೀಟರಿನಷ್ಟು ಸೋರಿಹೋದರೂ ಎಂಜಿನ್ನಿನ ಹೆಡ್ ಸುಡತೊಡಗಬಹುದು.

ಸೋರಿಕೆಯ ಖರ್ಚಿಗೆ ಮೆಟ್ಟಿಲುಗಳಿವೆ. ಸಡಿಲವಾದ ಕ್ಲಿಪ್ಪಿಗೆ ಹತ್ತಾರು ರೂಪಾಯಿ, ಹೋಸಿಗೆ ಅಥವಾ ಮುಚ್ಚಳಕ್ಕೆ ನೂರಾರು, ಹೊಸ ರೇಡಿಯೇಟರಿಗೆ ಸಾವಿರಾರು, ಕಾದು ಸೀಜ್ ಆದ ಎಂಜಿನ್ನಿಗೆ ಹತ್ತಾರು ಸಾವಿರ. ಕೈ ಬಿಗಿಯಿರುವವರಿಗೆ ಹಣ ಉಳಿಯುವುದು ಎರಡು ಕಡೆ. ಸೋರುವ ಜಾಗ ಸರಿಯಾಗಿ ಪತ್ತೆಯಾದರೆ ಅಗತ್ಯಕ್ಕಿಂತ ಮೇಲಿನ ಮೆಟ್ಟಿಲು ಹತ್ತಬೇಕಾಗಿಲ್ಲ. ಕಾದ ಎಂಜಿನ್ನನ್ನು ಓಡಿಸದೆ ನಿಲ್ಲಿಸಿದರೆ ಕೊನೆಯ ಮೆಟ್ಟಿಲು ಎದುರಾಗುವುದೇ ಇಲ್ಲ.

ನೀರು, ಹೊಟ್ಟು, ಏರುದಾರಿ

ಬೈಲಕುಪ್ಪೆ ಸುತ್ತಿನ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಹಳೆಯ ಕಾರು, ಓಮ್ನಿ, ಜೀಪುಗಳ ರೇಡಿಯೇಟರನ್ನು ಕೆಡಿಸುವ ಸಂಗತಿಗಳು ಮುಖ್ಯವಾಗಿ ಮೂರು. ಮೊದಲನೆಯದು ನೀರು. ಕೂಲೆಂಟ್ ಕಡಿಮೆಯಾದಾಗಲೆಲ್ಲ ಬೋರ್‌ವೆಲ್ ನೀರು ಸುರಿಯುವುದು ರೂಢಿ. ಗಡಸು ನೀರಿನ ಸುಣ್ಣದಂಶ ಕಾದಾಗ ಕೊಳವೆಯ ಒಳಗೋಡೆಗೆ ಬಿಳಿಯ ಪದರವಾಗಿ ಕಟ್ಟುತ್ತದೆ. ದಾರಿ ಕಿರಿದಾಗಿ ಶಾಖ ಹೊರಹೋಗುವುದಿಲ್ಲ. ಬರಿ ನೀರಿನಲ್ಲಿ ತುಕ್ಕು ತಡೆಯುವ ರಾಸಾಯನಿಕವೂ ಇರುವುದಿಲ್ಲವಾದ್ದರಿಂದ ಲೋಹ ಒಳಗಿನಿಂದ ಸವೆದು ಸೂಜಿಮೊನೆಯಷ್ಟು ತೂತು ಬೀಳುತ್ತದೆ.

ಎರಡನೆಯದು ಒಕ್ಕಣೆಯ ಹೊಟ್ಟು. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಡಿ ಒಕ್ಕುವುದುಂಟು. ಅದರ ಮೇಲೆ ಹಾಯುವ ಕಾರಿನ ಜಾಲರಿಗೆ ಹೊಟ್ಟು, ಸಿಪ್ಪೆ, ಧೂಳು ಮೆತ್ತಿಕೊಂಡು ಗಾಳಿ ಕಟ್ಟುತ್ತದೆ. ಎಂಜಿನ್ ಮಾಮೂಲಿಗಿಂತ ಹೆಚ್ಚು ಕಾದು, ಒತ್ತಡ ಏರಿ, ಸವೆದ ಜಾಗ ಬಾಯಿಬಿಡುತ್ತದೆ. ಎಂಜಿನ್ ತಣ್ಣಗಿರುವಾಗ ಒಳಬದಿಯಿಂದ ಹೊರಕ್ಕೆ ಮೆಲ್ಲನೆ ನೀರು ಬಿಟ್ಟು ತೊಳೆದರೆ ಹೊಟ್ಟು ಉದುರುತ್ತದೆ. ವಾಟರ್ ಸರ್ವಿಸ್ ಅಂಗಡಿಯ ಜೋರು ನೀರು ಹೊಡೆದರೆ ತೆಳುವಾದ ಫಿನ್ನುಗಳು ಮಡಚಿಕೊಂಡು ಗಾಳಿಯ ದಾರಿ ಇನ್ನಷ್ಟು ಮುಚ್ಚುತ್ತದೆ.

ಮೂರನೆಯದು ಏರು. ಮೈಸೂರು–ಮಡಿಕೇರಿ ಹೆದ್ದಾರಿ 275 ಬೈಲಕುಪ್ಪೆ ದಾಟಿ ಕುಶಾಲನಗರದಿಂದ ಸುಂಟಿಕೊಪ್ಪದ ಮೇಲೆ ಮಡಿಕೇರಿಗೆ ಹತ್ತುತ್ತದೆ. ಮೂವತ್ತು ಕಿಲೋಮೀಟರಿನಷ್ಟು ದಾರಿಯಲ್ಲಿ ಸುಮಾರು 850 ಮೀಟರ್ ಎತ್ತರದಿಂದ 1,150 ಮೀಟರಿಗೆ ಏರಬೇಕು. ತುಂಬಿದ ಗಾಡಿ ಎರಡನೇ ಗೇರಿನಲ್ಲಿ ನಿಧಾನಕ್ಕೆ ಹತ್ತುವಾಗ ಎಂಜಿನ್ನಿನ ಶಾಖ ಹೆಚ್ಚು, ಎದುರು ಗಾಳಿ ಕಡಿಮೆ. ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ನೀರು ಮಡಿಕೇರಿಯ ಎತ್ತರದಲ್ಲಿ ಸುಮಾರು 96 ಡಿಗ್ರಿಗೇ ಕುದಿಯುತ್ತದೆ.

ಇದನ್ನು ತಡೆಯುವುದು ರೇಡಿಯೇಟರಿನ ಮುಚ್ಚಳ. ಪ್ರೆಷರ್ ಕುಕ್ಕರಿನ ವೇಟ್‌ನಂತೆ ಅದು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಅನೇಕ ಸಣ್ಣ ಕಾರುಗಳ ಮುಚ್ಚಳದ ಮೇಲೆ 0.9 ಎಂಬ ಅಂಕಿ ಇರುತ್ತದೆ. ಹೊರಗಿನ ಗಾಳಿಗಿಂತ ಅಷ್ಟು ಬಾರ್ ಹೆಚ್ಚು ಒತ್ತಡ ಕಟ್ಟಿದಾಗ ನೀರು ಕುದಿಯಲು 115 ಡಿಗ್ರಿಗೂ ಹೆಚ್ಚು ಬೇಕು. ಸೋರಿಕೆಯಿದ್ದರೆ ಒತ್ತಡ ನಿಲ್ಲದು. ಸಮತಟ್ಟಾದ ದಾರಿಯಲ್ಲಿ ಹೇಗೋ ಓಡುತ್ತಿದ್ದ ಕಾರು ಸುಂಟಿಕೊಪ್ಪದ ಏರಿನಲ್ಲಿ ಕುದಿಯುವುದು ಇದೇ ಕಾರಣಕ್ಕೆ.

ಸೋರುವ ಜಾಗ ಹುಡುಕುವುದು

ಕಾರಿನಡಿ ಕಂಡ ಹನಿಗಳೆಲ್ಲ ಕೂಲೆಂಟ್ ಅಲ್ಲ. ಎ.ಸಿ. ಓಡಿದ ಮೇಲೆ ಬೀಳುವ ತಿಳಿನೀರಿಗೆ ಬಣ್ಣ, ವಾಸನೆ, ಜಿಗುಟು ಯಾವುದೂ ಇರುವುದಿಲ್ಲ; ಅದು ಸಹಜ. ಕೂಲೆಂಟ್ ಹಸಿರು, ಗುಲಾಬಿ ಅಥವಾ ನೀಲಿ ಬಣ್ಣದ್ದು, ಬೆರಳಿಗೆ ಜಾರುತ್ತದೆ, ಸಿಹಿ ವಾಸನೆ ಬರುತ್ತದೆ. ರಾತ್ರಿ ಎಂಜಿನ್ನಿನಡಿ ಬಿಚ್ಚಿದ ರಟ್ಟಿನ ಪೆಟ್ಟಿಗೆ ಹಾಸಿಟ್ಟರೆ ಬೆಳಿಗ್ಗೆ ಹನಿ ಬಿದ್ದ ಜಾಗ ತಿಳಿಯುತ್ತದೆ. ಅದರ ನೇರ ಮೇಲೆ ಟಾರ್ಚ್ ಹಿಡಿದು ನೋಡಿದರೆ ಒಣಗಿದ ಕೂಲೆಂಟಿನ ಬಿಳಿ ಅಥವಾ ಹಸಿರು ಕಲೆ ಸೋರಿಕೆಯ ಜಾಡು ತೋರಿಸುತ್ತದೆ.

ಹುಡುಕುವುದು ಅಗ್ಗದ ಭಾಗಗಳಿಂದ ಶುರುವಾಗಬೇಕು. ಮೊದಲು ಹೋಸಿನ ಎರಡೂ ತುದಿಯ ಕ್ಲಿಪ್ಪುಗಳು, ಆಮೇಲೆ ಹೋಸ್. ಹಿಸುಕಿದಾಗ ಬಿರುಕು ಕಂಡರೆ, ಹಳೆಯ ರಬ್ಬರಿನಂತೆ ಗಡಸಾಗಿದ್ದರೆ ಅಥವಾ ತುದಿಯಲ್ಲಿ ಊದಿಕೊಂಡಿದ್ದರೆ ಹೋಸ್ ಬದಲಿಸಬೇಕು. ನಂತರ ಮುಚ್ಚಳದ ರಬ್ಬರ್ ವಾಷರ್, ತಳದ ಡ್ರೇನ್ ಪ್ಲಗ್. ಬೆಲ್ಟ್ ತಿರುಗಿಸುವ ಪುಲ್ಲಿಯ ಹಿಂದೆ ವಾಟರ್ ಪಂಪಿನ ಸಣ್ಣ ರಂಧ್ರದಿಂದ ತೊಟ್ಟಿಕ್ಕುತ್ತಿದ್ದರೆ ಪಂಪಿನ ಸೀಲ್ ಹೋಗಿದೆ. ಮುಂದಿನ ಸೀಟಿನ ಕಾಲಡಿ ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರ್ ಸೋರುತ್ತಿದೆ. ಇವೆಲ್ಲ ಸರಿಯಿದ್ದರೆ ಮಾತ್ರ ಸಂಶಯ ರೇಡಿಯೇಟರಿನ ಮೇಲೆ ಬರಬೇಕು.

ಹೊರಗೆಲ್ಲೂ ಹನಿ ಕಾಣದೆ ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆಯಿದೆ. ಸೈಲೆನ್ಸರಿನಿಂದ ನಿಲ್ಲದ ಬಿಳಿ ಹೊಗೆ, ಎಂಜಿನ್ ಆಯಿಲ್ ಮುಚ್ಚಳದ ಕೆಳಗೆ ಹಾಲು ಬೆರೆತ ಕಾಫಿ ಬಣ್ಣದ ಜಿಡ್ಡು, ಎಂಜಿನ್ ಓಡುವಾಗ ರೇಡಿಯೇಟರಿನಲ್ಲಿ ಏಳುತ್ತಲೇ ಇರುವ ಗುಳ್ಳೆ ಇದರ ಗುರುತುಗಳು. ಆಗ ರೇಡಿಯೇಟರಿಗೆ ಹಾಕಿದ ಹಣ ವ್ಯರ್ಥ.

ದಾರಿಯಲ್ಲಿ ಕೈಕೊಟ್ಟರೆ

ಟೆಂಪರೇಚರ್ ಮುಳ್ಳು ಮೇಲೇರಿದ ಕೂಡಲೇ ಎ.ಸಿ. ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕಿಟಕಿ ಇಳಿಸಿ, ಜಾಗ ನೋಡಿ ಗಾಡಿ ನಿಲ್ಲಿಸಬೇಕು. ಹೀಟರ್ ಸಣ್ಣದೊಂದು ರೇಡಿಯೇಟರೇ ಆದ್ದರಿಂದ ಸ್ವಲ್ಪ ಶಾಖ ಅದರಿಂದಲೂ ಹೋಗುತ್ತದೆ. ಬಿಸಿ ಮುಚ್ಚಳ ತೆರೆದರೆ ಕುದಿನೀರು, ಹಬೆ ಮುಖಕ್ಕೆ ರಾಚುತ್ತದೆ. ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕಾದು, ಮೇಲಿನ ಹೋಸ್ ಕೈಗೆ ತಣ್ಣಗೆ, ಮೆತ್ತಗೆ ಅನ್ನಿಸಿದ ಮೇಲೆಯೇ ದಪ್ಪ ಬಟ್ಟೆ ಹಿಡಿದು ತಿರುಗಿಸಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು. ಎಂಜಿನ್ ನಿಂತಿದ್ದರೂ ಎಲೆಕ್ಟ್ರಿಕ್ ಫ್ಯಾನ್ ತಾನಾಗಿ ತಿರುಗಬಹುದಾದ್ದರಿಂದ ಬೆರಳು ದೂರವಿರಬೇಕು.

ಚಾಲಕರಲ್ಲಿ ಹಳೆಯ ಕಾಲದಿಂದ ನಡೆದುಬಂದ ಉಪಾಯ ಅರಿಶಿನದ ಪುಡಿ. ಒಂದೆರಡು ಚಮಚ ಪುಡಿಯನ್ನು ರೇಡಿಯೇಟರಿಗೆ ಹಾಕಿದರೆ ಅದರ ಪಿಷ್ಟ, ನಾರು ಬಿಸಿನೀರಿನಲ್ಲಿ ಉಬ್ಬಿ, ಹೊರನುಗ್ಗುವ ನೀರಿನ ಜೊತೆ ಸಾಗಿ ತೂತಿಗೆ ಸಿಕ್ಕಿಕೊಳ್ಳುತ್ತದೆ. ಸಣ್ಣ ತೂತಾದರೆ ಹತ್ತಿರದ ಊರು ಮುಟ್ಟಿಸಬಹುದು. ಆದರೆ ಅದೇ ಪುಡಿ ಈಗಿನ ರೇಡಿಯೇಟರುಗಳ ಕಿರಿದಾದ ಕೊಳವೆಗಳನ್ನೂ ಹೀಟರನ್ನೂ ಕಟ್ಟಬಲ್ಲದು. ಊರು ಸೇರಿದ ಮೇಲೆ ಪೂರ್ತಿ ತೊಳೆಸಲೇಬೇಕು. ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರವಗಳಿಗೂ ಇದೇ ಮಾತು ಅನ್ವಯ: ಒಮ್ಮೆ, ಹೇಳಿದ ಪ್ರಮಾಣದಲ್ಲಿ, ಸಣ್ಣ ತೂತಿಗೆ ಮಾತ್ರ. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕಿನ ಕೂದಲೆಳೆ ಬಿರುಕಿಗೆ ಎಂ-ಸೀಲ್ ಹಚ್ಚುವುದುಂಟು. ಜಾಗವನ್ನು ಒಣಗಿಸಿ, ಉಜ್ಜಿ ಹಚ್ಚಿದರೂ ಶಾಖ, ಒತ್ತಡಕ್ಕೆ ಅದು ಬೇಗ ಬಿಡುತ್ತದೆ. ಹೋಸ್ ತುದಿಯಲ್ಲಿ ಒಡೆದಿದ್ದರೆ ಆ ತುದಿಯನ್ನು ಕತ್ತರಿಸಿ, ಮತ್ತೆ ಸಿಕ್ಕಿಸಿ, ಕ್ಲಿಪ್ ಬಿಗಿದರೆ ಸಾಕು.

ಹುಣಸೂರಿನಿಂದ ನಾಗರಹೊಳೆ ಹಾದು ಕುಟ್ಟಕ್ಕೆ ಹೋಗುವ ದಾರಿ, ಎಚ್.ಡಿ. ಕೋಟೆ ಕಡೆಯಿಂದ ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ದಾರಿ ಎರಡೂ ರಾತ್ರಿ ಮುಚ್ಚುತ್ತವೆ. ಹಗಲಲ್ಲೂ ಕಾಡಿನೊಳಗೆ ವಾಹನ ನಿಲ್ಲಿಸುವಂತಿಲ್ಲ. ತಾತ್ಕಾಲಿಕ ತೇಪೆ ಹಾಕಿದ ರೇಡಿಯೇಟರ್ ನಂಬಿ ಈ ದಾರಿ ಹಿಡಿಯಬಾರದು.

ಬೆಸುಗೆಯೋ, ಟ್ಯಾಂಕ್ ಬದಲಾವಣೆಯೋ

ರೇಡಿಯೇಟರಿನ ಲೋಹ ಯಾವುದು ಎಂಬುದರ ಮೇಲೆ ರಿಪೇರಿಯ ದಾರಿ ನಿಂತಿದೆ. ಹಳೆಯ ಜೀಪು, ಟ್ರ್ಯಾಕ್ಟರುಗಳದು ಸಾಮಾನ್ಯವಾಗಿ ತಾಮ್ರ–ಹಿತ್ತಾಳೆಯದು. ಬೆಸುಗೆ ಅದಕ್ಕೆ ಹೇಳಿ ಮಾಡಿಸಿದ ರಿಪೇರಿ. ಕೆಲಸಗಾರ ರೇಡಿಯೇಟರ್ ಬಿಚ್ಚಿ ತೊಳೆದು, ಎರಡು ಬಾಯಿಗೂ ರಬ್ಬರ್ ಬಿರಡೆ ಜಡಿದು, ಒಂದರಿಂದ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾನೆ. ಗುಳ್ಳೆ ಏಳುವ ಜಾಗಕ್ಕೆ ಗುರುತು ಹಾಕಿ, ಒಣಗಿಸಿ, ಹೊಳಪು ಬರುವಂತೆ ಉಜ್ಜಿ, ಆಸಿಡ್ ಸವರಿ, ಬ್ಲೋ ಲ್ಯಾಂಪಿನ ಉರಿಯಲ್ಲಿ ತವರ–ಸೀಸದ ಕಡ್ಡಿ ಕರಗಿಸಿ ಮುಚ್ಚುತ್ತಾನೆ. ಕೊನೆಗೆ ಆಸಿಡ್ ತೊಳೆಯದಿದ್ದರೆ ಅದೇ ಲೋಹವನ್ನು ತಿನ್ನುತ್ತದೆ. ಮತ್ತೊಮ್ಮೆ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳದಿರುವುದನ್ನು ಕಣ್ಣಾರೆ ಕಂಡ ಮೇಲೆಯೇ ಗಿರಾಕಿ ಹಣ ಕೊಡುವುದು ಒಳ್ಳೆಯದು. ಕೊಳವೆಗಳು ಕಟ್ಟಿದ್ದರೆ ಟ್ಯಾಂಕ್ ಬಿಚ್ಚಿ, ಒಳಗೆ ತೆಳುವಾದ ಕಂಬಿ ಹಾಯಿಸಿ ಶುಚಿ ಮಾಡುವ ರಾಡಿಂಗ್ ಕೆಲಸವನ್ನೂ ಆಗಲೇ ಮಾಡಿಸಬಹುದು.

ಈಗಿನ ಕಾರುಗಳದು ಅಲ್ಯೂಮಿನಿಯಂ ಜಾಲರಿ, ಎರಡು ಕಡೆ ಪ್ಲಾಸ್ಟಿಕ್ ಟ್ಯಾಂಕ್, ನಡುವೆ ರಬ್ಬರ್ ಗ್ಯಾಸ್ಕೆಟ್. ಅಲ್ಯೂಮಿನಿಯಂ ಮೇಲೆ ಸದಾ ಆಕ್ಸೈಡ್ ಪದರವಿರುವುದರಿಂದ ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ. ಆರ್ಗಾನ್ ವೆಲ್ಡಿಂಗ್ ಬೇಕು. ತೆಳುವಾದ ಕೊಳವೆ ಆ ಉರಿಗೆ ತೂತಾಗುವ ಅಪಾಯವೂ ಉಂಟು. ಒಂದೆರಡು ಕೊಳವೆ ಮಾತ್ರ ತೂತಾಗಿದ್ದರೆ ಅವನ್ನು ಎರಡು ತುದಿಯಲ್ಲಿ ಮುಚ್ಚಿಬಿಡುವುದು ಒಂದು ದಾರಿ; ತಂಪಾಗಿಸುವ ಶಕ್ತಿ ಅಷ್ಟೇನೂ ಕುಗ್ಗುವುದಿಲ್ಲ. ಟ್ಯಾಂಕ್ ಬಿರುಕು ಬಿಟ್ಟಿದ್ದು ಜಾಲರಿ ಚೆನ್ನಾಗಿದ್ದರೆ ಮೈಸೂರಿನಂಥ ದೊಡ್ಡ ಊರಿನ ರೇಡಿಯೇಟರ್ ಕೆಲಸದವರಲ್ಲಿ ಟ್ಯಾಂಕ್, ಗ್ಯಾಸ್ಕೆಟ್ ಮಾತ್ರ ಬದಲಿಸಲು ಸಾಧ್ಯವೇ ಎಂದು ವಿಚಾರಿಸಬಹುದು. ಕೈಯಲ್ಲಿ ಮುಟ್ಟಿದರೆ ಫಿನ್ನುಗಳು ಪುಡಿಯಾಗಿ ಉದುರುವ ಜಾಲರಿಗೆ ಯಾವ ರಿಪೇರಿಯೂ ದಂಡವೇ.

ಗುಜರಿಯಿಂದ ತರುವುದಾದರೆ

ಗುಜರಿ ಅಂಗಡಿಯ ಹಳೆಯ ರೇಡಿಯೇಟರ್ ಹೊಸದಕ್ಕಿಂತ ಅಗ್ಗ. ಕಾರಿನ ಮಾಡೆಲ್, ಪೆಟ್ರೋಲೋ ಡೀಸೆಲೋ, ಎ.ಸಿ. ಇದೆಯೋ ಇಲ್ಲವೋ ಎಂಬುದೆಲ್ಲ ಹೊಂದಬೇಕು. ಬಾಯಿಯೊಳಗೆ ಟಾರ್ಚ್ ಬಿಟ್ಟಾಗ ಕೆಂಪು ರಾಡಿ, ಬಿಳಿ ಪದರ ಕಂಡರೆ ಬಿಟ್ಟುಬಿಡುವುದೇ ಲೇಸು. ಗಾಳಿ ತುಂಬಿ ಮುಳುಗಿಸಿ ತೋರಿಸಿದ ಮೇಲೆಯೇ ವ್ಯಾಪಾರ ಕುದುರಿಸಬೇಕು. ಬೇರೆ ಕಂಪನಿ ತಯಾರಿಸಿದ ಹೊಸ ರೇಡಿಯೇಟರ್ ಒರಿಜಿನಲ್‌ಗಿಂತ ಸಾಮಾನ್ಯವಾಗಿ ಅಗ್ಗ. ಬಿಲ್, ಗ್ಯಾರಂಟಿ ಸಿಕ್ಕರೆ ಹಳೆಯ ಕಾರಿಗೆ ಅದು ಧಾರಾಳವಾಯಿತು. ಬಿಚ್ಚಿದ ರೇಡಿಯೇಟರ್ ತಾಮ್ರದ್ದಾದರೆ ಅದಕ್ಕೂ ತೂಕದ ಲೆಕ್ಕದಲ್ಲಿ ಬೆಲೆಯಿದೆ. ಸವೆದ ಹೋಸ್, ಹಳೆಯ ಮುಚ್ಚಳಗಳನ್ನು ಅದೇ ಹೊತ್ತಿಗೆ ಬದಲಿಸಿದರೆ ಎರಡನೇ ಸಲದ ಕೂಲಿ, ಕೂಲೆಂಟು ಉಳಿಯುತ್ತದೆ.

ಕೂಲೆಂಟ್ ತುಂಬುವುದು

ಕೂಲೆಂಟ್ ಆರಿಸುವಾಗ ಬಣ್ಣ ನೋಡಿದರೆ ಸಾಲದು. ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯದೇ ಆಗಬೇಕು; ಬೇರೆ ಬೇರೆ ಬಗೆ ಬೆರೆತರೆ ಗಷ್ಟು ಕಟ್ಟಬಹುದು. ಗಟ್ಟಿ ಕೂಲೆಂಟ್ ಕೊಂಡು ಬಾಟಲಿಯ ಮೇಲಿನ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಿಕೊಂಡರೆ ಬೆರೆಸಿಟ್ಟದ್ದಕ್ಕಿಂತ ಸಾಮಾನ್ಯವಾಗಿ ಅಗ್ಗ ಬೀಳುತ್ತದೆ. ತುರ್ತಿನಲ್ಲಿ ನೀರೇ ಹಾಕಬೇಕಾಗಿ ಬಂದರೆ ಬೋರ್‌ವೆಲ್ ನೀರಿಗಿಂತ ಸೋಸಿದ ಮಳೆನೀರು ವಾಸಿ.

ತುಂಬುವಾಗ ಒಳಗೆ ಗಾಳಿ ಉಳಿದರೆ ಹೊಸ ರೇಡಿಯೇಟರಿದ್ದರೂ ಎಂಜಿನ್ ಕಾಯುತ್ತದೆ. ರೇಡಿಯೇಟರಿನ ಮೇಲೆಯೇ ಮುಚ್ಚಳವಿರುವ ಕಾರುಗಳಲ್ಲಿ ತಣ್ಣಗಿನ ಎಂಜಿನ್ನಿಗೆ ಕೂಲೆಂಟ್ ತುಂಬಿ, ಮುಚ್ಚಳ ತೆರೆದಿಟ್ಟು, ಹೀಟರ್ ಬಿಸಿಗಿಟ್ಟು ಐಡ್ಲಿಂಗ್‌ನಲ್ಲಿ ಓಡಿಸಬೇಕು. ಸುಮಾರು 80–90 ಡಿಗ್ರಿಗೆ ಥರ್ಮೋಸ್ಟಾಟ್ ತೆರೆದಾಗ ಗುಳ್ಳೆಗಳೆದ್ದು ಮಟ್ಟ ಇಳಿಯುತ್ತದೆ. ಆಗ ಮತ್ತಷ್ಟು ತುಂಬಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಬಿಗಿಯಬೇಕು. ಮುಂದಿನ ಕೆಲವು ದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮಟ್ಟ ನೋಡುತ್ತಿದ್ದರೆ ರಿಪೇರಿ ತಾಳಿದೆಯೇ ಎಂಬುದು ಗೊತ್ತಾಗುತ್ತದೆ.

ಹಳೆಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿಯಾದ್ದರಿಂದ ನಾಯಿ, ಬೆಕ್ಕು, ದನಕರುಗಳು ನೆಕ್ಕುತ್ತವೆ. ಸ್ವಲ್ಪವೇ ಹೊಟ್ಟೆ ಸೇರಿದರೂ ಮೂತ್ರಪಿಂಡ ಕೆಟ್ಟು ಸಾಯಬಹುದು. ಅದನ್ನು ಚರಂಡಿಗೋ ಕೆರೆ ಅಂಗಳಕ್ಕೋ ಚೆಲ್ಲದೆ, ಹೆಸರು ಬರೆದ ಕ್ಯಾನಿನಲ್ಲಿ ಮುಚ್ಚಿಟ್ಟು, ಹಳೆಯ ಕೂಲೆಂಟ್ ಪಡೆಯುವ ಸರ್ವಿಸ್ ಸೆಂಟರಿಗೆ ಕೊಡಬೇಕು. ಕ್ಯಾನು ಮಕ್ಕಳ ಕೈಗೆ ಎಟುಕುವಂತಿರಬಾರದು.