ಕೇಸಿಗಾಗಿ ತಪಾಸಣೆ, ಆಕೆಗಾಗಿ ಚಿಕಿತ್ಸೆ

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಗೆ ಹೊರಗಿನವರು ಬರುವುದು ಚಂದಾ ಹುಸೇನಿ ದರ್ಗಾಕ್ಕೆ, ಅಲ್ಲೇ ಇರುವ ಮೊದಮೊದಲ ಆದಿಲ್‌ಶಾಹಿ ಸುಲ್ತಾನರ ಗೋರಿಗಳನ್ನು ನೋಡಲಿಕ್ಕೆ. ಈ ಸೀಮೆಯವರು ಹೊರಗೆ ಹೋಗುವುದು ಹೊಟ್ಟೆಪಾಡಿಗೆ. ಹೊಲದ ಕೆಲಸ ಮುಗಿಯುತ್ತಲೇ ಬೆಂಗಳೂರು, ಪುಣೆ, ಮುಂಬೈಗೆ ಗುಳೆ. ಗುಳೆ ಹೋದವರೆಲ್ಲ ಮಾನವ ಸಾಗಣೆಗೆ ಸಿಕ್ಕವರಲ್ಲ, ನಿಜ. ಆದರೆ ಮುಂಗಡ ಕೊಟ್ಟು ಕೂಡಿಹಾಕಿ ದುಡಿಸಿಕೊಂಡರೆ, ಕೆಲಸದ ಆಸೆ ತೋರಿಸಿ ದಂಧೆಗೆ ನೂಕಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನ ಅಪರಾಧ. ‘ತಾನೇ ಒಪ್ಪಿ ಹೋಗಿದ್ದಳಲ್ಲ’ ಎಂಬ ಮಾತಿಗೆ ಅಲ್ಲಿ ಕಿಮ್ಮತ್ತಿಲ್ಲ.

ಬಿಡಿಸಿಕೊಂಡು ಬಂದ ಹೆಣ್ಣುಮಕ್ಕಳಿಗಾಗಿ ಜಿಲ್ಲೆಗಳಲ್ಲಿರುವುದು ‘ಸಖಿ’ ಒನ್ ಸ್ಟಾಪ್ ಸೆಂಟರ್. ನಿರ್ಭಯಾ ನಿಧಿಯಿಂದ 2015ರ ಏಪ್ರಿಲ್‌ನಲ್ಲಿ ಶುರುವಾದ ಯೋಜನೆ. ಚಿಕಿತ್ಸೆ, ಆಪ್ತಸಮಾಲೋಚನೆ, ಪೊಲೀಸ್ ಮತ್ತು ವಕೀಲರ ನೆರವು ಒಂದೇ ಕಡೆ. ಐದು ದಿನ ಉಳಿಯಲು ಜಾಗ. 181 ಸಹಾಯವಾಣಿಗೆ ಫೋನ್ ಮಾಡಿದರೂ ಇಲ್ಲಿಗೆ ದಾರಿ ತೋರಿಸುತ್ತಾರೆ.

ಆದರೆ ಇಂಥವರನ್ನು ಆಸ್ಪತ್ರೆಗೆ ಕರೆತರುವುದು ಬಹಳ ಸಲ ಕೇಸಿನ ಸಲುವಾಗಿ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ವೈದ್ಯರಿಂದ ಬಯಸುವುದು ಮೂರು ಉತ್ತರ: ವಯಸ್ಸೆಷ್ಟು, ಲೈಂಗಿಕ ದೌರ್ಜನ್ಯದ ಗಾಯಗಳಿವೆಯೇ, ಲೈಂಗಿಕ ರೋಗವಿದೆಯೇ. ಆಕೆಗೆ ಏನು ತ್ರಾಸು ಎಂಬ ಪ್ರಶ್ನೆ ಆ ಪಟ್ಟಿಯಲ್ಲಿಲ್ಲ. ಕೇಳಿದರೆ ಬರುವ ಉತ್ತರವೇ ಬೇರೆ ಇದ್ದೀತು: ‘ಸೊಂಟ ಹಿಡದದ್ರೀ, ರಾತ್ರಿ ನಿದ್ದಿ ಹತ್ತವಲ್ದು, ಊಟ ಸೇರವಲ್ದು.’

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ ಆಕೆಯ ಕಡೆಗೆ ವಾಲುತ್ತದೆ. ಮುಟ್ಟುವ ಮೊದಲು ಏನು ಮಾಡುತ್ತೇವೆಂದು ಹೇಳಬೇಕು. ಬೇಡವೆಂದರೆ ಅಲ್ಲಿಗೇ ನಿಲ್ಲಿಸಬೇಕು. ತಪಾಸಣೆ ಬೇಡ ಎಂದವಳಿಗೆ ಔಷಧ ತಪ್ಪಿಸುವಂತಿಲ್ಲ. ಎಫ್‌ಐಆರ್ ಆಗಲಿ ಎಂದು ಕಾಯಿಸುವಂತೆಯೂ ಇಲ್ಲ. ಎರಡು ಬೆರಳಿನ ಪರೀಕ್ಷೆ ಮಾಡಿದವರು ದುರ್ನಡತೆಯ ತಪ್ಪಿತಸ್ಥರೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಎಚ್‌ಐವಿ ತಡೆಯುವ 28 ದಿನಗಳ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ತಿಂಗಳುಗಟ್ಟಲೆ ನರಳಿ ಬಂದವಳಿಗೆ ಆ ಗಡುವು ಎಂದೋ ದಾಟಿರುತ್ತದೆ. ಉಳಿಯುವುದು ಆಕೆಯ ಒಪ್ಪಿಗೆ ಪಡೆದು ಪರೀಕ್ಷೆ, ಸೋಂಕಿದ್ದರೆ ಸರ್ಕಾರದ ಉಚಿತ ಎಆರ್‌ಟಿ ಚಿಕಿತ್ಸೆ.

ಮನಸ್ಸಿನ ಗಾಯಕ್ಕೆ ಸಖಿಯ ಐದು ದಿನ ಯಾವ ಮೂಲೆಗೆ? ಸ್ಟ್ಯಾನ್ಲಿ ಮತ್ತು ಪರಶುರಾಮ್ ಕಟ್ಟಿದ ಮೈಸೂರಿನ ಒಡನಾಡಿ ಸಂಸ್ಥೆ ಹೆಣ್ಣುಮಕ್ಕಳನ್ನು ವರ್ಷಗಟ್ಟಲೆ ಜತೆಗಿಟ್ಟುಕೊಂಡು ಯೋಗವನ್ನೂ ಚೇತರಿಕೆಯ ಭಾಗ ಮಾಡಿಕೊಂಡಿತು. ಮೈಯನ್ನು ಇನ್ನೊಬ್ಬರ ಇಷ್ಟಕ್ಕೆ ಒಪ್ಪಿಸಿಯೇ ಬದುಕಿದವಳು ತನ್ನಿಷ್ಟಕ್ಕೆ ಕೈಕಾಲು ಚಾಚುವುದು ಸಣ್ಣ ಸಂಗತಿಯಲ್ಲ. ಯಾದಗಿರಿ ಕಡೆಯವರಿಗೆ ಮೈಸೂರು ದೂರವಾಯಿತು. ಅಂಥವರು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಜೀತದಿಂದ ಬಂದ ಗಂಡಸರು. ಅವರಿಗೆ ಸಖಿ ಇಲ್ಲ. ಖಾಸಗಿ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ಕೊಡಬೇಕೆನ್ನುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮು ಅತ್ಯಾಚಾರ, ಆ್ಯಸಿಡ್ ದಾಳಿಗಳನ್ನು ಹೆಸರಿಸುತ್ತದೆ, ಮಾನವ ಸಾಗಣೆಯ 143ನೇ ಕಲಮನ್ನು ಹೆಸರಿಸುವುದಿಲ್ಲ. ಜೀತವೆಂದು ಕಂಡುಬಂದರೆ ಜಿಲ್ಲಾಡಳಿತದಿಂದ ಬಿಡುಗಡೆ ಪತ್ರ, ತಕ್ಷಣಕ್ಕೆ 30,000 ರೂಪಾಯಿವರೆಗೆ ನೆರವು ಸಿಗಬೇಕು. ಬೆನ್ನುನೋವೆಂದು ಬಂದವನನ್ನು ವೈದ್ಯರು ‘ಎಲ್ಲಿ ದುಡಿಯಾಕ ಹೋಗಿದ್ದಿ, ಪಗಾರ ಕೊಟ್ರೇನು, ಹೊರಗ ಬಿಡತಿದ್ರೇನು’ ಎಂದು ವಿಚಾರಿಸಿದರೆ ಆ ಪತ್ರದ ದಾರಿ ಆಸ್ಪತ್ರೆಯಲ್ಲೇ ತೆರೆಯುತ್ತದೆ.