ಅರ್ಜಿ ಹೋಯ್ತು, ಉತ್ತರ ಎಲ್ಲಿ?

ನೇಮಕಾತಿ ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ಮಂಡ್ಯ, ಮದ್ದೂರು, ಮಳವಳ್ಳಿಯ ಸೈಬರ್ ಸೆಂಟರ್‌ಗಳನ್ನು ನೋಡಬೇಕು. ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮದ ಪತ್ರಗಳಿರುವ ಪ್ಲಾಸ್ಟಿಕ್ ಕವರ್ ಹಿಡಿದು ಹುಡುಗ ಹುಡುಗಿಯರು ಸರದಿಯಲ್ಲಿ ನಿಂತಿರುತ್ತಾರೆ. ಬಿಳಿ ಹಾಳೆಯ ಮೇಲಿನ ಸಹಿ ಸ್ಕ್ಯಾನ್ ಆಗಬೇಕು, ಫೋಟೊ ಕೇಳಿದಷ್ಟು ಕೆಬಿಗೆ ಇಳಿಯಬೇಕು, ಪ್ರಮಾಣಪತ್ರದ ಆರ್‌ಡಿ ನಂಬರ್ ತಾಳೆಯಾಗಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ಅಪ್ಪನದಾಗಿದ್ದರೆ, ಗದ್ದೆಯಲ್ಲಿರುವ ಅವರಿಗೆ ಕರೆ ಮಾಡಿ ಒಟಿಪಿ ಓದಿಸಿಕೊಳ್ಳಬೇಕು. ಇಷ್ಟೆಲ್ಲ ಮಾಡುವವರಿಗೆ ಕೆಲಸದ ಆಸಕ್ತಿಯಿಲ್ಲ ಎಂದು ಹೇಳುವುದು ಅನ್ಯಾಯ.

ಹತ್ತಿರವಾದ ಅವಕಾಶ

ಹಿಂದೆ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ಕರೆಪತ್ರಕ್ಕೆ ಕಾಯುವುದೇ ಮುಖ್ಯ ದಾರಿಯಾಗಿತ್ತು. 1933ರಲ್ಲಿ ಸ್ಥಾಪನೆಯಾದ ಮೈಷುಗರ್ ಸಕ್ಕರೆ ಕಾರ್ಖಾನೆಯಿರುವ ಈ ಸೀಮೆಯಲ್ಲಿ, ಎಲ್ಲಿ ಕೆಲಸ ಖಾಲಿಯಿದೆ ಎಂಬ ಸುದ್ದಿ ನೆಂಟರು, ಪರಿಚಯದವರ ಬಾಯಿಂದಲೇ ಬರುತ್ತಿತ್ತು. ಹೇಳುವವರಿಲ್ಲದ ಮನೆಗೆ ಸುದ್ದಿಯೂ ಇಲ್ಲ. ಡಿಜಿಟಲ್ ನೇಮಕಾತಿ ಈ ಅಂತರವನ್ನು ಕಡಿಮೆ ಮಾಡಿದೆ. 2024ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಆನ್‌ಲೈನ್ ಅರ್ಜಿ ಕರೆದಾಗ, ರೈಲು ಇಲ್ಲದ ಮಳವಳ್ಳಿಗೂ ಬೆಂಗಳೂರಿಗೂ ಮಾಹಿತಿ ಒಂದೇ ಹೊತ್ತಿಗೆ ತಲುಪಿತು. ಕೇಂದ್ರೀಯ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ ಅದೇ ವರ್ಷದಿಂದ ಕನ್ನಡದಲ್ಲೂ ನಡೆಯತೊಡಗಿತು. ಹಳ್ಳಿಯ ಅಭ್ಯರ್ಥಿಗೆ ಇದು ಸಣ್ಣ ಬದಲಾವಣೆಯಲ್ಲ.

ಜಾಹೀರಾತು ಹೇಳದ ಲೆಕ್ಕ

ಖಾಸಗಿ ಕೆಲಸದ ಕಥೆ ಬೇರೆ. ನೌಕ್ರಿ, ಲಿಂಕ್ಡ್‌ಇನ್, ಅಪ್ನಾದಂಥ ಆ್ಯಪ್‌ಗಳಲ್ಲಿ ಬೆರಳು ಒತ್ತಿದರೆ ಅರ್ಜಿ ಹೋಗುತ್ತದೆ. ಆದರೆ ಮದ್ದೂರಿನ ಪದವೀಧರೆ ಒತ್ತುವ ಮುಂಚೆ ಲೆಕ್ಕ ಹಾಕುತ್ತಾಳೆ: ಕೈಗೆ ಬರುವ ಸಂಬಳವೆಷ್ಟು, ಬೆಂಗಳೂರಿನ ಪಿಜಿಗೆ ಎಷ್ಟು ಹೋಗುತ್ತದೆ, ರಾತ್ರಿ ಪಾಳಿ ಮುಗಿದರೆ ಮನೆಗೆ ಬರುವುದು ಹೇಗೆ? 2023ರ ಜೂನ್‌ನಲ್ಲಿ ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದ ಮೇಲೆ ಸಂದರ್ಶನಕ್ಕೆ ಸರ್ಕಾರಿ ಸಾಮಾನ್ಯ ಬಸ್‌ನಲ್ಲಿ ಹೋಗಿಬರಲು ಅವಳಿಗೆ ಖರ್ಚಿಲ್ಲ. ಉಳಿದ ಪ್ರಶ್ನೆಗಳಿಗೆ ಜಾಹೀರಾತು ಬಾಯಿ ಬಿಡುವುದಿಲ್ಲ. ಸಂಬಳ, ಸ್ಥಳ, ಪಾಳಿ ತಿಳಿಯದ ಕೆಲಸಕ್ಕೆ ಅವಳು ಮನಸ್ಸು ಮಾಡದಿದ್ದರೆ ಅದು ಸೋಮಾರಿತನವಲ್ಲ, ಎಚ್ಚರ. ಅದೇ ಕಾರಣಕ್ಕೆ ಗೆಜ್ಜಲಗೆರೆಯ ಕೈಗಾರಿಕಾ ಪ್ರದೇಶದಲ್ಲೋ ಬಿಡದಿಯಲ್ಲೋ ಈಗಾಗಲೇ ಕೆಲಸಕ್ಕಿರುವ ಊರಿನವರ ಒಂದು ವಾಟ್ಸ್‌ಆ್ಯಪ್ ಸಂದೇಶಕ್ಕೆ ಆ್ಯಪ್‌ಗಿಂತ ಹೆಚ್ಚು ಬೆಲೆ.

ನಂಬಿಕೆಗೆ ಬಿದ್ದ ಪೆಟ್ಟು

“ಅರ್ಜಿ ಹಾಕ್ಬುಟ್ಟಿವ್ನಿ ಕಣಣ್ಣ, ಇನ್ನೂ ಏನೂ ಬಂದಿಲ್ಲ” ಎಂಬ ಮಾತು ಇಲ್ಲಿ ಮಾಮೂಲಿ. ತಿರಸ್ಕಾರವನ್ನಾದರೂ ತಡೆದುಕೊಳ್ಳಬಹುದು, ಮೌನ ಮುಂದಿನ ಅರ್ಜಿಯ ಉತ್ಸಾಹವನ್ನೇ ತಿನ್ನುತ್ತದೆ. ಸರ್ಕಾರಿ ಪರೀಕ್ಷೆಯಲ್ಲೂ ಕಾಯುವುದು ತಪ್ಪಲಿಲ್ಲ: 545 ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರ ಅಷ್ಟು ಪ್ರಾಯ ಕಾಯುವುದರಲ್ಲೇ ಕಳೆಯಿತು. ಇದರ ಜೊತೆಗೆ ನೋಂದಣಿ ಶುಲ್ಕ, ತರಬೇತಿ ಶುಲ್ಕ ಎಂದು ಹಣ ಕೀಳುವ ನಕಲಿ ಸಂದೇಶಗಳ ಕಾಟ. ಕೆಲಸ ಕೊಡಲು ಹಣ ಕೇಳಿದರೆ ಕೊಡಬಾರದು. ಮೋಸ ಹೋದವರು ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

2024ರ ಜನವರಿಯಲ್ಲಿ ಆರಂಭವಾದ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯು ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿಯನ್ನು ಗರಿಷ್ಠ 2 ವರ್ಷ ಕೊಡುತ್ತದೆ. ಹುಡುಕಾಟದ ಖರ್ಚಿಗೆ ಅದು ಆಸರೆ. ಹುಡುಕಾಟಕ್ಕೆ ಅರ್ಥ ಬರಬೇಕಾದರೆ ನೇಮಿಸುವವರೂ ಹೊಣೆ ಹೊರಬೇಕು. ಸಂಬಳ ಮತ್ತು ಪಾಳಿಯನ್ನು ಜಾಹೀರಾತಿನಲ್ಲೇ ಬರೆಯಲಿ, ಅರ್ಜಿ ನಮೂನೆ ಕನ್ನಡದಲ್ಲೂ ಇರಲಿ, ಪರೀಕ್ಷೆ ಹೇಳಿದ ದಿನವೇ ನಡೆಯಲಿ, ಆಯ್ಕೆಯಾಗದವರಿಗೂ ಒಂದು ಸಾಲಿನ ಉತ್ತರ ಹೋಗಲಿ. ಸಾವಿರಾರು ಅರ್ಜಿಗಳನ್ನು ಕ್ಷಣದಲ್ಲಿ ಪಡೆಯಬಲ್ಲ ವ್ಯವಸ್ಥೆಗೆ ಅಷ್ಟೇ ಜನರಿಗೆ ಉತ್ತರ ಕಳಿಸುವುದು ಅಸಾಧ್ಯವೇನಲ್ಲ.