ಮಕ್ಕಳೊಡನೆ ಕಡಲ ದಂಡೆಯಲ್ಲಿ ಹತ್ತು ದಿನ

ಬೇಸಿಗೆಯ ರಜೆ ಆರಂಭವಾಗುತ್ತಲೇ ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. "ಅಪ್ಪಾ, ಈ ಸಲ ಸಮುದ್ರ ನೋಡಾಕ ಹೋಗೂಣೇನ?" ಎಂದು ಮಕ್ಕಳು ಕೇಳುತ್ತಾರೆ. "ಕಬ್ಬಿನ ಬಿಲ್ಲು ಬರಲಿ, ನೋಡೂಣು" ಎಂಬುದು ಉತ್ತರ. ಬಿಲ್ಲು ಬರುವ ಹೊತ್ತಿಗೆ ಬೀಜ, ಗೊಬ್ಬರ, ಶಾಲೆಯ ಶುಲ್ಕ, ಬೀಗರ ಮನೆಯ ಲಗ್ನ ಇವೆಲ್ಲ ಸಾಲುಗಟ್ಟಿ ನಿಂತಿರುತ್ತವೆ. ಹೀಗೆ ನಾಲ್ಕಾರು ಬೇಸಿಗೆಗಳು ಕಳೆದು, ಅಂದು ಪ್ರಶ್ನೆ ಕೇಳಿದ ಮಗು ಕಾಲೇಜಿನ ಮೆಟ್ಟಿಲು ಹತ್ತಿರುತ್ತದೆ. ತಂದೆಯ ಕೈ ಹಿಡಿದು ತೆರೆಗೆ ಕಾಲೊಡ್ಡುವ ವಯಸ್ಸು ಮರಳಿ ಬಾರದು.

ಕಡಲ ತೀರದಲ್ಲಿ ಹತ್ತು ದಿನ ಕಳೆಯುವುದು ಉಳ್ಳವರಿಗೆ ಮಾತ್ರ ಸಾಧ್ಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಕಡಿಮೆ ಖರ್ಚಿನಲ್ಲಿ, ಮಕ್ಕಳು ಮುದುಕರನ್ನು ಕಟ್ಟಿಕೊಂಡು, ದೀರ್ಘ ಪ್ರವಾಸ ಮಾಡುವ ವಿದ್ಯೆ ನಮಗೆ ಹೊಸದೇನೂ ಅಲ್ಲ. ನಮ್ಮ ಹಿರಿಯರು ಉಳವಿಯ ಯಾತ್ರೆಗೆ ಹೋಗುತ್ತಿದ್ದ ಬಗೆಯನ್ನು ಒಮ್ಮೆ ನೆನೆದರೆ ಸಾಕು.

ಉಳವಿ ಕಲಿಸಿದ ಪಾಠ

ಕಲ್ಯಾಣದ ಕ್ರಾಂತಿಯ ತರುವಾಯ ಚನ್ನಬಸವಣ್ಣನವರು ಶರಣ ಸಮೂಹದೊಡನೆ ನಡೆದು ಬಂದು ಐಕ್ಯರಾದ ಕ್ಷೇತ್ರ ಉಳವಿ. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ದಟ್ಟ ಅಡವಿಯಲ್ಲಿರುವ ಈ ಕ್ಷೇತ್ರಕ್ಕೆ ಭಾರತ ಹುಣ್ಣಿಮೆಯ ಜಾತ್ರೆಗೆಂದು ಬೆಳಗಾವಿ, ಧಾರವಾಡ ಸೀಮೆಯ ರೈತರು ಚಕ್ಕಡಿ ಕಟ್ಟಿಕೊಂಡು ಹೋಗುವ ಪದ್ಧತಿ ಇಂದಿಗೂ ಉಳಿದಿದೆ. ಆ ಯಾತ್ರೆಯ ವ್ಯವಸ್ಥೆಯನ್ನು ಗಮನಿಸಿರಿ. ನಾಲ್ಕಾರು ಮನೆಯವರು ಕೂಡಿ ಹೊರಡುವುದು, ಬುತ್ತಿಯನ್ನು ಮನೆಯಿಂದಲೇ ಒಯ್ಯುವುದು, ಎತ್ತು ದಣಿದಲ್ಲಿ ನಿಲ್ಲುವುದು, ನಿಂತಲ್ಲಿ ಒಲೆ ಹೂಡುವುದು, ಅವಸರ ಮಾಡದಿರುವುದು.

ಇಂದಿನ ನಮ್ಮ ಪ್ರವಾಸಗಳು ಇದಕ್ಕೆ ತೀರ ವಿರುದ್ಧ. ಬಾಡಿಗೆಯ ವಾಹನದಲ್ಲಿ ಮೂರು ದಿನಕ್ಕೆ ಏಳು ಊರು ಸುತ್ತಿ, ಮಕ್ಕಳು ವಾಂತಿ ಮಾಡಿಕೊಂಡು, ಹಿರಿಯರು ಕಾಲು ಬಾತು, ಕಿಸೆ ಬರಿದಾಗಿ ಮನೆ ಸೇರುತ್ತೇವೆ. ಹಣ ಹೋಗುವುದು ಇರುವುದರಿಂದಲ್ಲ, ಅಲೆಯುವುದರಿಂದ. ಆದುದರಿಂದ ಮೊದಲನೆಯ ಸೂತ್ರವಿದು: ಒಂದೇ ಊರು, ಒಂದೇ ಬಿಡಾರ, ಹತ್ತು ದಿನ.

ಎಲ್ಲಿ, ಯಾವಾಗ?

ನಮ್ಮ ಕಡೆಯವರಿಗೆ ಗೋಕರ್ಣ ಅನುಕೂಲಕರವಾದುದು. ಅದು ಯಾತ್ರಿಕರ ಊರಾದುದರಿಂದ ಸಾದಾ ಕೋಣೆಗಳೂ ಸಸ್ಯಾಹಾರದ ಊಟವೂ ದೊರೆಯುತ್ತವೆ. ಓಂ ದಂಡೆ, ಕುಡ್ಲೆ ದಂಡೆಗಳ ಬದಿಯ ಬಿಡಾರಗಳಿಗಿಂತ ಊರೊಳಗಿನ ಕೋಣೆಗಳೇ ಸಾಮಾನ್ಯವಾಗಿ ಅಗ್ಗ. ಒಲೆ ಹೂಡಲು ಅವಕಾಶವಿರುವ ಕೋಣೆಯನ್ನೇ ಕೇಳಿ ಗೊತ್ತು ಮಾಡಬೇಕು. ಹತ್ತು ದಿನಕ್ಕೆ ಒಟ್ಟಿಗೆ ಮಾತಾಡಿದರೆ ಬಾಡಿಗೆ ಇಳಿಯುತ್ತದೆ. ಕೋಣೆಯ ಹತ್ತಿರದ ಬಾವಿಯ ನೀರು ಸಿಹಿಯೋ ಸವಳೋ ಎಂಬುದನ್ನು ಮೊದಲೇ ವಿಚಾರಿಸುವುದು ಲೇಸು.

ಏಪ್ರಿಲ್ ಮಧ್ಯದಿಂದ ಮೇ ತಿಂಗಳ ಮೊದಲ ವಾರದವರೆಗಿನ ಕಾಲ ತಕ್ಕುದು. ಮೇ ಕೊನೆಗೆ ಕಡಲು ಒರಟಾಗತೊಡಗುತ್ತದೆ. ಜೂನ್ ಮೊದಲ ವಾರದಲ್ಲಿ ಮುಂಗಾರು ಕರಾವಳಿಗೆ ಇಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನೇ ಸರ್ಕಾರ ನಿಷೇಧಿಸುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಹಲವರು ಮೃತರಾದುದನ್ನು ನಾವು ಮರೆಯಲಾಗದು. ಮಳೆಗಾಲದಲ್ಲಿ ಮಕ್ಕಳೊಡನೆ ಆ ದಾರಿ ಹಿಡಿಯಬಾರದು. ಬೇಸಿಗೆಯಲ್ಲಿ ಒದಗದಿದ್ದರೆ ದಸರೆಯ ರಜೆಯಿದೆ. ಶನಿವಾರ, ರವಿವಾರಗಳಂದು ಜನಸಂದಣಿ ಹೆಚ್ಚಿರುವುದರಿಂದ ಸೋಮವಾರ ತಲುಪುವಂತೆ ಹೊರಡಬೇಕು.

ಪ್ರಯಾಣ

ಮೂಡಲಗಿಯಿಂದ ಗೋಕಾಕ, ಯರಗಟ್ಟಿ, ಸವದತ್ತಿ, ಧಾರವಾಡ ಮಾರ್ಗವಾಗಿ ಹುಬ್ಬಳ್ಳಿ. ಅಲ್ಲಿಂದ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ ಮೂಲಕ ಗೋಕರ್ಣ. ಇದನ್ನು ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ಧಾರವಾಡ ಹುಬ್ಬಳ್ಳಿಗಳಲ್ಲಿ ಬೀಗರಿಲ್ಲದ ಮನೆ ನಮ್ಮಲ್ಲಿ ವಿರಳ. ಒಂದು ರಾತ್ರಿ ಅಲ್ಲಿ ತಂಗಿ, ಬೆಳಗಿನ ಬಸ್ಸು ಹಿಡಿದರೆ ಘಟ್ಟವನ್ನು ಹಗಲಿನಲ್ಲಿಯೇ ಇಳಿಯಬಹುದು. ಘಟ್ಟದ ತಿರುವುಗಳಲ್ಲಿ ಮಕ್ಕಳಿಗೆ ಹೊಟ್ಟೆ ತೊಳಸುವುದು ಸಹಜ. ಹಾಲು ಕುಡಿಸದೆ, ಒಣ ಅವಲಕ್ಕಿಯನ್ನೋ ಚುರುಮುರಿಯನ್ನೋ ಸ್ವಲ್ಪ ತಿನ್ನಿಸಿ, ಮುಂದಿನ ಆಸನಗಳಲ್ಲಿ ಕೂರಿಸುವುದು ಒಳ್ಳೆಯದು.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸದಂತಹ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸದು. ಗುರುತಿನ ಚೀಟಿ ಜೊತೆಗಿರಬೇಕು. ಅಜ್ಜಿ, ತಾಯಿ, ಹೆಣ್ಣುಮಗಳು ಉಚಿತವಾಗಿ ಪ್ರಯಾಣಿಸುವಾಗ, ಒಂದು ಸಂಸಾರದ ಬಸ್ಸಿನ ಖರ್ಚು ಎಷ್ಟು ಇಳಿಯುತ್ತದೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಬುತ್ತಿ ಮತ್ತು ಒಲೆ

ಅಕ್ಕಿ ಬೇಳೆಗಳನ್ನು ಹೊತ್ತೊಯ್ಯುವ ಅಗತ್ಯವಿಲ್ಲ. ಅವು ಅಲ್ಲಿಯೂ ದೊರೆಯುತ್ತವೆ. ಅಲ್ಲಿ ಸುಲಭವಾಗಿ ದೊರೆಯದುದು ನಮ್ಮ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ಮೂವರು ಹಿರಿಯರು, ಮೂವರು ಮಕ್ಕಳಿರುವ ಮನೆಯಲ್ಲಿ ಹಿರಿಯರಿಗೆ ಎರಡು, ಮಕ್ಕಳಿಗೆ ಒಂದರಂತೆ ದಿನಕ್ಕೊಂದು ಹೊತ್ತಿಗೆ 9 ರೊಟ್ಟಿ; ಹತ್ತು ದಿನಕ್ಕೆ 90. ಆದರೆ ಒಂದು ಎಚ್ಚರಿಕೆ ಬೇಕು. ನಮ್ಮ ಒಣ ಹವೆಯಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟರೂ ಗರಿಗರಿಯಾಗಿರುವ ರೊಟ್ಟಿ, ಕರಾವಳಿಯ ತೇವದ ಗಾಳಿಗೆ ಮೆತ್ತಗಾಗಿ ಬೂಸಲು ಹಿಡಿಯಬಹುದು. ಬಿಗಿಯಾದ ಮುಚ್ಚಳದ ಡಬ್ಬಿಗಳಲ್ಲಿಯೇ ಒಯ್ಯಬೇಕು. ಶೇಂಗಾ ಹೋಳಿಗೆಯೂ ಹೀಗೆಯೇ ಬಾಳುತ್ತದೆ. ಬಸ್ಸಿನಲ್ಲಿ ಗ್ಯಾಸಿನ ಸಿಲಿಂಡರನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಒಯ್ಯುವಂತಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮನೆಯಲ್ಲಿ ಮೂರು ಹೊತ್ತು ಒಲೆಯ ಮುಂದೆ ನಿಲ್ಲುವ ಗೃಹಿಣಿ ಕಡಲ ತೀರದಲ್ಲಿಯೂ ಮೂರು ಹೊತ್ತು ಒಲೆಯ ಮುಂದೆ ನಿಂತರೆ, ಆ ಪ್ರವಾಸ ಗಂಡನಿಗೂ ಮಕ್ಕಳಿಗೂ ಆಯಿತೇ ಹೊರತು ಆಕೆಗೆ ಆಗಲಿಲ್ಲ. ಒಂದು ಹೊತ್ತು ಬುತ್ತಿ, ಒಂದು ಹೊತ್ತು ಅಡುಗೆ, ಒಂದು ಹೊತ್ತು ಹೊರಗಿನ ಊಟವೆಂದು ಗೊತ್ತು ಮಾಡಿಕೊಳ್ಳಿರಿ. ಆ ಒಂದು ಹೊತ್ತಿನ ಅಡುಗೆಯಲ್ಲಿಯೂ ಗಂಡಸರು ಪಾಳಿ ತೆಗೆದುಕೊಳ್ಳಲಿ. ಕಾಯಕದಲ್ಲಿ ಹೆಣ್ಣು ಗಂಡೆಂಬ ಭೇದವೆಣಿಸದ ಶರಣರ ಮಕ್ಕಳು ಪಾತ್ರೆ ತೊಳೆದರೆ ಕುಂದೇನೂ ಇಲ್ಲ.

ಹಣದ ಹಂಚಿಕೆ

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಡದಿ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಕಥೆ ನಮಗೆಲ್ಲ ಗೊತ್ತು. ಸಂಸಾರದ ಲೆಕ್ಕಾಚಾರಕ್ಕೆ ಅದಕ್ಕಿಂತ ದೊಡ್ಡ ಪಾಠವಿಲ್ಲ. ಎಷ್ಟು ಬೇಕೆಂಬುದನ್ನು ಮೊದಲು ನಿಶ್ಚಯಿಸಿ, ಅಷ್ಟನ್ನೇ ಕೂಡಿಸಿ, ಅಷ್ಟನ್ನೇ ವೆಚ್ಚ ಮಾಡಬೇಕು.

ಪ್ರವಾಸವನ್ನು ಕಬ್ಬಿನ ಬಿಲ್ಲಿಗೆ ಗಂಟು ಹಾಕಬಾರದು. ಸಾಲ ಮಾಡಿಯಂತೂ ಹೋಗಬಾರದು. ಜೂನ್ ತಿಂಗಳಿನಿಂದ ಮಾರ್ಚ್‌ವರೆಗೆ ಹತ್ತು ತಿಂಗಳು, ಹಾಲಿನ ಹಣದಿಂದಲೋ ಸಂಬಳದಿಂದಲೋ ಒಂದು ಪಾಲನ್ನು ತೆಗೆದಿಟ್ಟರೆ ಭಾರವಾಗದು. ಹೊರಡುವಾಗ ಹಣವನ್ನು ಐದು ಲಕೋಟೆಗಳಲ್ಲಿ ವಿಂಗಡಿಸಿರಿ: ಪ್ರಯಾಣ, ಕೋಣೆ, ಊಟ ಹಾಗೂ ಹಾಲು, ಔಷಧ ಹಾಗೂ ಆಪತ್ತು, ಮಕ್ಕಳ ಆಸೆ. ಒಂದರ ಹಣವನ್ನು ಇನ್ನೊಂದಕ್ಕೆ ಬಳಸಕೂಡದು. ಐದನೆಯ ಲಕೋಟೆಯನ್ನು ಹಿರಿಯ ಮಗುವಿನ ಕೈಗೇ ಕೊಡಿರಿ. ಎಳನೀರೋ, ಗಾಳಿಪಟವೋ, ಒಂಟೆಯ ಸವಾರಿಯೋ ಎಂದು ತಮ್ಮ ತಂಗಿಯರೊಡನೆ ಚರ್ಚಿಸಿ ಖರ್ಚು ಮಾಡಿದ ಮಗು ಹಣದ ಬೆಲೆಯನ್ನು ಹತ್ತು ದಿನಗಳಲ್ಲಿ ಕಲಿಯುತ್ತದೆ.

ಕಡಲು ಹೊಳೆಯಲ್ಲ

ಇದು ಈ ಲೇಖನದ ಅತಿ ಮುಖ್ಯ ಭಾಗ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಅಸುನೀಗಿದರು. ಅವರೂ ನಮ್ಮ ಮಕ್ಕಳಂತೆ ಬಯಲು ಸೀಮೆಯವರು.

ನಮ್ಮ ಮಕ್ಕಳು ಕಾಲುವೆ, ಬಾವಿಗಳಲ್ಲಿ ಈಜು ಕಲಿತಿರಬಹುದು. ಆ ಧೈರ್ಯವೇ ಇಲ್ಲಿ ಅಪಾಯ. ಹೊಳೆಯ ಸೆಳವು ದಂಡೆಯ ಗುಂಟ ಸಾಗುತ್ತದೆ. ಕಡಲಿನ ಸೆಳವು ದಂಡೆಯಿಂದ ದೂರಕ್ಕೆ ಒಯ್ಯುತ್ತದೆ. ತೆರೆಗಳು ದಂಡೆಗೆ ತಂದ ನೀರು ಕಿರಿದಾದ ಓಣಿಯಂತೆ ಒಂದೆಡೆ ಕೂಡಿ ವೇಗವಾಗಿ ಹಿಂದಿರುಗುವುದೇ ಇದಕ್ಕೆ ಕಾರಣ. ಎರಡೂ ಬದಿ ತೆರೆ ಒಡೆಯುತ್ತಿದ್ದು, ನಡುವೆ ಮಾತ್ರ ನೀರು ಶಾಂತವಾಗಿ, ತುಸು ಕಪ್ಪಾಗಿ ಕಂಡರೆ ಅಲ್ಲಿ ಸೆಳವಿದೆಯೆಂದು ತಿಳಿಯಬೇಕು. ಅರಿಯದವರು ಅದನ್ನೇ ಸುರಕ್ಷಿತ ಜಾಗವೆಂದು ಆರಿಸಿಕೊಳ್ಳುತ್ತಾರೆ. ಅದರಲ್ಲಿ ಸಿಲುಕಿದವರು ದಂಡೆಯತ್ತ ನೇರವಾಗಿ ಈಜಲು ಹೆಣಗಬಾರದು. ತೇಲುತ್ತ ಕೈಯೆತ್ತಿ ಕೂಗಬೇಕು, ಇಲ್ಲವೆ ದಂಡೆಗೆ ಸಮಾನಾಂತರವಾಗಿ ಸರಿದು ಸೆಳವಿನಿಂದ ಹೊರಬರಬೇಕು.

ಉಬ್ಬರ ಇಳಿತಗಳು ಸುಮಾರು ಹನ್ನೆರಡೂವರೆ ತಾಸಿಗೊಮ್ಮೆ ಮರುಕಳಿಸುತ್ತವೆ. ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಅವುಗಳ ಅಬ್ಬರ ಹೆಚ್ಚು. ಪಂಚಾಂಗ ನೋಡಿ ಬಿತ್ತುವ ನಮ್ಮ ರೈತರಿಗೆ ಇದನ್ನು ನೆನಪಿಡುವುದು ಕಷ್ಟವಲ್ಲ. ಬೆಳಿಗ್ಗೆ ಸ್ಥಳೀಯ ಮೀನುಗಾರರನ್ನು ಕೇಳಿಯೇ ನೀರಿಗಿಳಿಯಬೇಕು.

ಒಬ್ಬ ಮಗುವಿಗೆ ಒಬ್ಬ ಹಿರಿಯ, ಅದೂ ಕೈಯಳತೆಯ ದೂರದಲ್ಲಿ. ನೀರು ಮಗುವಿನ ಮೊಣಕಾಲು ಮೀರಬಾರದು. ನೀರಿನ ಬಳಿ ನಿಂತ ಹಿರಿಯರ ಕೈಯಲ್ಲಿ ಮೊಬೈಲು ಇರಬಾರದು. ಬಂಡೆಯ ಮೇಲೆ ನಿಂತು ಚಿತ್ರ ತೆಗೆಯುವ ಚಪಲ ಬೇಡ. ಕೆಂಪು ಬಾವುಟವಿದ್ದರೆ ಮರುಮಾತಿಲ್ಲದೆ ಹಿಂದಿರುಗಬೇಕು. ಆಪತ್ತಿನಲ್ಲಿ 112ಕ್ಕೆ ಕರೆ ಮಾಡಬೇಕು. ಬೆಳಗಿನ ಒಂಬತ್ತರ ಒಳಗೆ, ಸಂಜೆ ನಾಲ್ಕೂವರೆಯ ಮೇಲೆ ಮಾತ್ರ ಮರಳಿನ ಆಟ. ನಡು ಹಗಲು ನಿದ್ದೆ, ಓದು, ಕಥೆ. ತೇವದ ಸೆಕೆಯಲ್ಲಿ ಬೆವರು ಬಹಳವಾಗಿ ಹೋಗುವುದರಿಂದ ಕಾಸಿ ಆರಿಸಿದ ನೀರು, ಮಜ್ಜಿಗೆ, ಎಳನೀರುಗಳನ್ನು ಕೇಳದಿದ್ದರೂ ಕುಡಿಸುತ್ತಿರಬೇಕು.

ಇಷ್ಟಲಿಂಗಧಾರಿಗಳಿಗೆ ಮತ್ತೊಂದು ಸೂಚನೆ. ತೆರೆಯ ಹೊಡೆತಕ್ಕೆ ಹಳೆಯ ಶಿವದಾರ ಕಡಿದೀತು. ಹೊರಡುವ ಮುನ್ನ ಹೊಸ ಶಿವದಾರ ಹಾಕಿ, ಕರಡಿಗೆಯ ಮುಚ್ಚಳವನ್ನು ಪರೀಕ್ಷಿಸಿ, ಒಳಂಗಿಯೊಳಗೆ ಭದ್ರವಾಗಿರುವಂತೆ ನೋಡಿಕೊಳ್ಳಬೇಕು. ಬಂಗಾರದ ಒಡವೆಗಳು ಮನೆಯಲ್ಲಿಯೇ ಇರಲಿ.

ನೋಡುವುದೇನು, ಕಲಿಯುವುದೇನು?

ಹತ್ತು ದಿನಗಳಲ್ಲಿ ಮೂರು ಸಣ್ಣ ತಿರುಗಾಟ ಸಾಕು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಕಡಲ ನೀರನ್ನು ಗದ್ದೆಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಾರೆ. ನಮ್ಮ ರೊಟ್ಟಿಯ ಚಟ್ನಿಗೆ ಬೀಳುವ ಉಪ್ಪಿನ ಹಿಂದೆ ಎಷ್ಟು ಬೆವರಿದೆಯೆಂಬುದನ್ನು ಮಕ್ಕಳು ಕಣ್ಣಾರೆ ಕಾಣಲಿ; 1930ರಲ್ಲಿ ಅಂಕೋಲೆಯ ಜನ ಇದೇ ಉಪ್ಪಿಗಾಗಿ ಸತ್ಯಾಗ್ರಹ ಹೂಡಿದ ಕಥೆಯನ್ನು ಅಲ್ಲಿಯೇ ಹೇಳಿರಿ. ಎರಡನೆಯದು, ಕುಮಟಾ ತಾಲ್ಲೂಕಿನ ಮಿರ್ಜಾನ ಕೋಟೆ. ಕಾಳುಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಅದರೊಡನೆ ಬೆಸೆದಿದೆ. ಮೂರನೆಯದು, 123 ಅಡಿ ಎತ್ತರದ ಶಿವನ ಮೂರ್ತಿಯಿರುವ ಮುರುಡೇಶ್ವರ.

ಕೊನೆಯ ಸಂಜೆ ಮಕ್ಕಳನ್ನು ಮರಳಿನ ಮೇಲೆ ಕೂರಿಸಿಕೊಂಡು ಒಂದು ಸಂಗತಿಯನ್ನು ತಿಳಿಸಿರಿ. ನಮ್ಮ ಘಟಪ್ರಭೆ ಹುಟ್ಟುವುದು ಈ ಕಡಲಿಗೆ ಹತ್ತಿರವಾದ ಸಹ್ಯಾದ್ರಿಯಲ್ಲಿಯೇ. ಆದರೆ ಅವಳು ಈ ಕಡಲಿಗೆ ಬೆನ್ನು ತಿರುಗಿಸಿ, ಮೂಡಣಕ್ಕೆ ಹರಿದು, ನಮ್ಮ ಹೊಲಗಳಿಗೆ ನೀರುಣಿಸಿ, ಕೃಷ್ಣೆಯನ್ನು ಕೂಡಿ ದೂರದ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಚಕ್ಕಡಿಯಲ್ಲಿ ಉಳವಿಗೆ ಬಂದ ನಮ್ಮ ಅಜ್ಜಂದಿರೂ ಜಾತ್ರೆ ಮುಗಿಸಿ, ಘಟ್ಟದ ಕೆಳಗಿನ ಕಡಲನ್ನು ಕಾಣದೆಯೇ ಎತ್ತುಗಳನ್ನು ಹೊಲದತ್ತ ತಿರುಗಿಸುತ್ತಿದ್ದರು. ಹೊಲದ ಕಾಯಕ ಅವರನ್ನು ಕರೆಯುತ್ತಿತ್ತು.

ಆ ಕಾಯಕದ ಫಲವಾಗಿ ನಾವಿಂದು ಹತ್ತು ದಿನ ಬಿಡುವು ಮಾಡಿಕೊಳ್ಳಬಲ್ಲೆವು. ಅವರ ಬುತ್ತಿ, ಅವರ ನಿಧಾನ, ಅವರ ಕೂಡಿ ಬಾಳುವ ಗುಣಗಳನ್ನು ಜೊತೆಗೆ ಕಟ್ಟಿಕೊಂಡು ಹೊರಡೋಣ. ಬರುವ ಬೇಸಿಗೆಯಲ್ಲಿ ಮಗು ಮತ್ತೆ ಕೇಳಿದಾಗ, "ಬಿಲ್ಲು ಬರಲಿ" ಎನ್ನದೆ, ಕೂಡಿಟ್ಟ ಹಣದ ಲಕೋಟೆಗಳನ್ನು ಅದರ ಮುಂದಿಡುವಂತಾಗಲಿ.